ಐದನೆಯ ಎಣ್ಣೆ

ಹಚ್ಚೊಳ್ಳಿಯ ನಮ್ಮ ಮನೆಯಲ್ಲಿ ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಒಂದು ಗೂಡಿತ್ತು. ಆಳವಾದ, ಒಳಗೆಲ್ಲ ಮಸಿ ಹಿಡಿದ, ಕದವಿಲ್ಲದ ಗೂಡು. ಅದರಲ್ಲಿ ಐದು ಎಣ್ಣೆಗಳು ಸಾಲಾಗಿ ನಿಂತಿರುತ್ತಿದ್ದವು. ಪಿಂಗಾಣಿ ಭರಣಿಯಲ್ಲಿ ಒಗ್ಗರಣೆಯ ಶೇಂಗಾ ಎಣ್ಣೆ, ಹಿತ್ತಾಳೆ ಗಿಂಡಿಯಲ್ಲಿ ದೇವರ ದೀಪದ ಎಣ್ಣೆ, ಸೀಸೆಯಲ್ಲಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ತಗಡಿನ ಡಬ್ಬಿಯಲ್ಲಿ ನಾವು ಚಿಮಣಿ ಎಣ್ಣೆ ಎಂದು ಕರೆಯುತ್ತಿದ್ದ ಸೀಮೆಎಣ್ಣೆ. ಐದನೆಯದರ ಹೆಸರಿನ ಹಿಂದೆ ಮಾತ್ರ ಬೇರೆ ಯಾವ ಮಾತೂ ಇರಲಿಲ್ಲ. ಅದು ಬರಿಯ ಎಣ್ಣಿ. ‘ಎಣ್ಣಿ ತೀರೇತಿ’, ‘ನಾಳೆ ಎಣ್ಣಿ ಹೊಡಿಯೋದೈತಿ’ ಎಂದರೆ ಊರಿನಲ್ಲಿ ಯಾರಿಗೂ ಸಂದೇಹ ಬರುತ್ತಿರಲಿಲ್ಲ. ನೆಲ್ಲಿನ ಗದ್ದೆಗೆ ಸಿಂಪಡಿಸುವ ಕೀಟನಾಶಕಕ್ಕೆ ನಮ್ಮ ಕಡೆ ಹೆಸರೇ ಅದು. ಅದನ್ನು ಕೊಟ್ಟಿಗೆಯಲ್ಲಿ ಇಡುತ್ತಿರಲಿಲ್ಲ. ದನಗಳು ಮೂಸಿ ನೆಕ್ಕಿಬಿಟ್ಟಾವೆಂಬ ಹೆದರಿಕೆ. ಆದ್ದರಿಂದ ಅಡುಗೆಮನೆಯ ಬಾಗಿಲಿಗೆ ತಂದು ಇಟ್ಟಿದ್ದರು.

ಅವ್ವನ ತವರು ಕುರುಗೋಡು. ಅವಳ ಅಪ್ಪ ಅಲ್ಲಿ ಶಾಲಾ ಮಾಸ್ತರರು. ಆ ಮನೆಯಲ್ಲಿ ಏಳುವುದು, ಗುಡಿಸುವುದು, ಉಣ್ಣುವುದು, ಓದುವುದು ಎಲ್ಲಕ್ಕೂ ಒಂದು ಸರದಿ ಇತ್ತು. ಅವ್ವ ಮದುವೆಯಾಗಿ ಬರುವಾಗ ಪಾತ್ರೆಪಡಗದ ಜೊತೆಗೆ ಆ ಸರದಿಯನ್ನೂ ಹೊತ್ತು ತಂದಳು. ಕೌದಿಯನ್ನು ಮೂಲೆಗೆ ಮೂಲೆ ಕೂಡಿಸಿ ಮಡಚಬೇಕು. ಕುಡಿಯುವ ನೀರಿನ ಕೊಡದ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ತಂಬಿಗೆ, ತಂಬಿಗೆಯ ಬಾಯಿ ಕೆಳಗೆ. ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ, ಅದು ಮಗುವಾಗಲಿ ಮಾವನಾಗಲಿ. ನಾನು ಇಂದಿಗೂ ಹಾಸಿಗೆ ಬಿಟ್ಟೊಡನೆ ಕೈ ತಾನಾಗಿ ಹೊದಿಕೆಯ ಮೂಲೆಗಳನ್ನು ಹುಡುಕುತ್ತದೆ. ನನ್ನ ಅಪ್ಪನ ತಾಯಿ ಗೌರಮ್ಮಜ್ಜಿ ಇದನ್ನೆಲ್ಲ ಕುರುಗೋಡು ಸಾಲಿ ಎಂದು ಕರೆಯುತ್ತಿದ್ದಳು. ಅತ್ತೆ ಸೊಸೆಯರ ಬೆಳಗು ಹೆಚ್ಚಾಗಿ ಹೀಗೆ ಶುರುವಾಗುತ್ತಿತ್ತು:

“ನಿಮ್ಮಪ್ಪನ ಸಾಲಿ ಗಂಟಿ ಇಲ್ಲಿ ಬಾರಸಬ್ಯಾಡ ನೀಲಾ. ಇದು ಒಕ್ಕಲುತನದ ಮನಿ.”

“ಒಕ್ಕಲುತನದ ಮನ್ಯಾಗ ಕೈಕಾಲು ತೊಳಿಬಾರದೇನ್ರಿ ಅತ್ತಿ?”

“ತೊಳಕೋ, ಯಾರು ಬ್ಯಾಡಂದ್ರು. ಕಾಲಿವಿ ನೀರು ಪೂರಾ ನಿನಗಽ ಬಿಟ್ಟಾರ.”

ಅಜ್ಜಿ ಕೆಟ್ಟವಳಲ್ಲ. ಯಾವುದನ್ನೂ ಬಿಸಾಡದ ಹೆಂಗಸು. ಎಣ್ಣಿ ತುಂಬಿ ಬರುತ್ತಿದ್ದ ಡಬ್ಬಿಗಳು ಹೊಳೆಹೊಳೆಯುತ್ತಿದ್ದವು, ಮುಚ್ಚಳಗಳು ಬಿಗಿ. ಖಾಲಿಯಾದೊಡನೆ ಅವುಗಳನ್ನು ಬೂದಿ ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿ, ಅಡುಗೆಮನೆಗೆ ಸೇರಿಸುತ್ತಿದ್ದಳು. ಒಂದರಲ್ಲಿ ಹೆಸರುಕಾಳು, ಇನ್ನೊಂದರಲ್ಲಿ ಒಣಮೆಣಸಿನಕಾಯಿ, ಎಲ್ಲಕ್ಕಿಂತ ಒಳ್ಳೆಯದರಲ್ಲಿ ಬೆಲ್ಲ. ಆ ಡಬ್ಬಿಯ ಬೆಲ್ಲಕ್ಕೆ ಇರುವೆ ಹತ್ತುತ್ತಿರಲಿಲ್ಲ. ಬಂದವರಿಗೆ ಅಜ್ಜಿ ಅದನ್ನು ತೆರೆದು ತೋರಿಸಿ ಹೇಳುತ್ತಿದ್ದಳು, ‘ನೋಡ್ರಿ, ಒಂದು ಇರುವಿ ಬರಂಗಿಲ್ಲ. ಅಂಥ ಡಬ್ಬಿ ಇದು.’ ಬಂದವರು ಹೊಗಳಿ, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ನೀರು ಕುಡಿದು ಹೋಗುತ್ತಿದ್ದರು. ತಮಗೂ ಅಂಥದೊಂದು ಡಬ್ಬಿ ಬೇಕೆಂದು ಕೇಳಿ ಒಯ್ದವರೂ ಇದ್ದರು.

ಅಪ್ಪ ಬಸವರಾಜ, ಊರವರಿಗೆ ಬಸಣ್ಣ. ಎಣ್ಣಿ ಕಲಸುವುದರಲ್ಲಿ ತನ್ನಷ್ಟು ಚೊಕ್ಕ ಯಾರೂ ಇಲ್ಲವೆಂಬ ಹೆಮ್ಮೆ ಅವನಿಗೆ. ಗದ್ದೆಯ ಬದುವಿನ ಮೇಲೆ ನೀರು ತುಂಬಿದ ಡ್ರಮ್ಮು, ಅದಕ್ಕೆ ಎಣ್ಣಿ ಸುರಿದರೆ ಹಾಲಿನಂತೆ ಬೆಳ್ಳಗೆ ಒಡೆಯುತ್ತಿತ್ತು. ಅಪ್ಪ ತೋಳು ಮಡಚಿ ಮೊಳಕೈವರೆಗೂ ಕೈ ಇಳಿಸಿ ಸುತ್ತ ತಿರುಗಿಸುತ್ತಿದ್ದ. ಕೋಲಿನಿಂದ ಕಲಸಿದರೆ ಮೇಲೆ ತೇಲುತ್ತದೆ, ಕೈ ಹಾಕಿದರೇ ಬೆರೆಯುವುದು ಎಂದು ಅವನ ವಾದ. ಪಂಪು ಬೆನ್ನಿಗೆ ಹಾಕಿಕೊಂಡರೆ ಅದರ ಸೋರಿಕೆ ಅಂಗಿ ತೋಯಿಸಿ ಸೊಂಟಕ್ಕೆ ಇಳಿಯುತ್ತಿತ್ತು. ನಡುವೆ ಕೈಯನ್ನು ಗದ್ದೆಯ ನೀರಿನಲ್ಲಿ ಅದ್ದಿ, ಧೋತರಕ್ಕೆ ಒರೆಸಿಕೊಂಡು, ಎಲೆ ಅಡಿಕೆ ತಂಬಾಕು ಹಾಕಿಕೊಳ್ಳುತ್ತಿದ್ದ. ಜಾಲಿಮರದ ಕೆಳಗೆ ಕುಳಿತು ಅದೇ ಕೈಯಲ್ಲಿ ರೊಟ್ಟಿ ಮುರಿಯುತ್ತಿದ್ದ. ಸಂಜೆ ಮನೆಗೆ ಬಂದು ಪಡಸಾಲೆಯಲ್ಲಿ ಒರಗಿದರೆ ನಾನು ಅವನ ಬೆನ್ನಿಗೆ ಅಂಟಿಕೊಂಡು ಕೂರುತ್ತಿದ್ದೆ. ಬೆಳ್ಳುಳ್ಳಿಗೂ ಸೀಮೆಎಣ್ಣೆಗೂ ನಡುವಿನ ಒಂದು ಘಾಟು ವಾಸನೆ ಅವನ ಮೈಯಿಂದ ಬರುತ್ತಿತ್ತು. ಅದು ಅಪ್ಪಂದಿರ ವಾಸನೆ ಎಂದು ನಾನು ತಿಳಿದಿದ್ದೆ. ಅಪ್ಪ ಮನೆಯಲ್ಲಿಲ್ಲದಾಗ ಗೂಡಿನ ಕೆಳಗೆ ಹೋಗಿ ನಿಂತು ಅದನ್ನು ಮೂಸುತ್ತಿದ್ದೆ.

ಎಣ್ಣಿ ಹೊಡೆದ ಸಂಜೆ ಅಪ್ಪನಿಗೆ ತಲೆ ಸಿಡಿಯುವುದು, ವಾಂತಿ ಬಂದಂತಾಗುವುದು ಇದ್ದದ್ದೇ. ಅಜ್ಜಿ ಅದಕ್ಕೆ ಬಿಸಲ ಬಡಿದೈತಿ ಎನ್ನುತ್ತಿದ್ದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಮಜ್ಜಿಗೆ ಕುಡಿಸಿ ಮಲಗಿಸುತ್ತಿದ್ದಳು. ಬೆಳಗಾಗುವಷ್ಟರಲ್ಲಿ ಅಪ್ಪ ಏಳುತ್ತಿದ್ದ, ಅಜ್ಜಿಯ ಮಾತು ನಿಜವಾಗುತ್ತಿತ್ತು. ಆದರೆ ಅವ್ವ ಸರದಿ ಗಮನಿಸುವವಳು. ರಾಶಿ ಮಾಡುವ ಸುಡುಬಿಸಿಲಿನಲ್ಲಿ ಬಡಿಯದ ಬಿಸಿಲು, ಮೋಡ ಮುಚ್ಚಿದ ದಿನ ಪಂಪು ಹೊತ್ತಾಗ ಮಾತ್ರ ಹೇಗೆ ಬಡಿಯುತ್ತದೆ ಎಂದು ಅವಳಿಗೆ ಅನುಮಾನ. ಒಂದು ಮುಂಜಾನೆ ಒಗ್ಗರಣೆಗೆ ಭರಣಿ ತೆಗೆಯಲು ಹೋದಾಗ ಅದರ ಹೊರಮೈ ಜಿಗುಟಾಗಿತ್ತು. ಪಕ್ಕದ ಡಬ್ಬಿ ಒಸರಿತ್ತು. ಅವ್ವ ಮೂಸಿ ನೋಡಿ ಭರಣಿಯನ್ನು ಕೆಳಗಿಟ್ಟಳು.

“ಅತ್ತಿ, ಇದನ್ನ ಈ ಗೂಡಿನಾಗ ಇಡೋದು ಬ್ಯಾಡ. ವಿಷ ಇದು.”

“ಬಾಯಿ ತೊಳಕೋ. ಮುಂಜ್ ಮುಂಜಾನಿ, ದೇವರ ಮುಂದ ಏನ್ ಮಾತಾಡ್ತಿ?”

“ಇದ್ದದ್ದು ಅಂದ್ರಿ.”

“ಇದ್ದದ್ದೆಲ್ಲ ಅನ್ನಂಗಿಲ್ಲ. ಊರಿಗೆಲ್ಲ ಅದು ಎಣ್ಣಿ, ನಿನಗೊಬ್ಬಾಕಿಗೆ ಬ್ಯಾರೆ ಹೆಸರು ಬೇಕಾತೇನು?”

ಅಜ್ಜಿಯ ಸಿಟ್ಟಿಗೆ ಕಾರಣವಿತ್ತು. ನಮ್ಮ ಊರುಗಳಲ್ಲಿ ವಿಷ ಎಂಬ ಮಾತು ಒಂದೇ ಸಂದರ್ಭದಲ್ಲಿ ಮನೆಯೊಳಗೆ ಬರುತ್ತಿತ್ತು. ಯಾರೋ ಕುಡಿದಿರಬೇಕು, ಜೀವ ಕಳೆದುಕೊಳ್ಳಲೆಂದೇ ಕುಡಿದಿರಬೇಕು. ಆ ಮಾತಿನ ಹಿಂದೆಯೇ ಪೊಲೀಸರು, ಪಂಚನಾಮೆ, ಬೀದಿ ತುಂಬ ನಿಂತ ಜನ. ಆ ಮನೆಯ ಸೊಸೆಯನ್ನೋ ಅತ್ತೆಯನ್ನೋ ಜೀವಮಾನವಿಡೀ ಬೆರಳು ಮಾಡಿ ತೋರಿಸುವುದು. ಆ ಮನೆಯ ಹೆಣ್ಣುಮಕ್ಕಳನ್ನು ಕೇಳಿಕೊಂಡು ಯಾರೂ ಬರುತ್ತಿರಲಿಲ್ಲ. ಹೀಗಾಗಿ ಆ ಡಬ್ಬಿ ಎಲ್ಲ ಮನೆಗಳ ಗೂಡಿನಲ್ಲೂ ಇತ್ತು, ಅದರ ನಿಜವಾದ ಹೆಸರು ಯಾವ ಮನೆಯಲ್ಲೂ ಇರಲಿಲ್ಲ.

ಆ ವರ್ಷ ನೆಲ್ಲು ತೆನೆ ಕಟ್ಟುವ ಹೊತ್ತಿಗೆ ಜಿಗಿಹುಳು ಬಿತ್ತು. ಮೋಡದ ದಿನ. ಅಪ್ಪ ನಸುಕಿನಲ್ಲೇ ಹೋಗಿದ್ದ. ಹುಳು ಮುಂದಿನ ಮಡಿಗೆ ಹಾರುವುದರೊಳಗೆ ಮುಗಿಸಬೇಕೆಂದು ಕಟ್ಟಿಕೊಟ್ಟ ರೊಟ್ಟಿಯನ್ನೂ ಬಿಚ್ಚಿರಲಿಲ್ಲ. ಮಧ್ಯಾಹ್ನ ಇಳಿಯುವಾಗ ಹುಸೇನ್‌ಸಾಬ ಅವನನ್ನು ತನ್ನ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಲಗಿಸಿಕೊಂಡು ಬಂದ. ಹುಸೇನ್‌ಸಾಬ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವನು, ನನಗೆ ಮಾವ. ಬದುವಿನ ಮೇಲೆ ಅಪ್ಪ ಕುಳಿತುಬಿಟ್ಟದ್ದನ್ನು ದೂರದಿಂದ ಕಂಡು ಓಡಿಹೋಗಿದ್ದ. ಅಪ್ಪನ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮೈ ಬೆವರಿನಿಂದ ತೊಪ್ಪೆಯಾಗಿತ್ತು. ಮಾತು ತೊದಲುತ್ತಿತ್ತು, ಕಣ್ಣಿನ ರೆಪ್ಪೆ, ತೋಳಿನ ಸ್ನಾಯು ತಾವಾಗಿ ಅದುರುತ್ತಿದ್ದವು.

“ಬಿಸಲ ಬಡಿದೈತಿ. ಮಜ್ಜಿಗಿ ತಗೊಂಬಾ ನೀಲಾ,” ಎಂದಳು ಅಜ್ಜಿ.

ಅವ್ವ ಮೋಡ ಮುಚ್ಚಿದ ಬಾನಿನ ಕಡೆ ಕೈ ತೋರಿಸಿದಳು. ಅಲ್ಲಿಂದ ಬೂದಿ ಬಣ್ಣದ ಬೆಳಕು ಬೀಳುತ್ತಿತ್ತು.

“ಎಲ್ಲೈತ್ರಿ ಬಿಸಲು? ಹುಸೇನಣ್ಣ, ಇಳಿಸಬ್ಯಾಡ. ಸಿರುಗುಪ್ಪಕ್ಕ ಹೊಡಿ.”

ಊರು ಬಿಟ್ಟು ದವಾಖಾನೆಗೆ ಹೋಗುವವನನ್ನು ಹೊಲಸು ಅಂಗಿಯಲ್ಲಿ ಕಳಿಸುವುದು ಅಜ್ಜಿಗೆ ಸೇರಲಿಲ್ಲ. ಟ್ರೇಲರ್ ಹತ್ತಿ, ನೆನೆದ ಅಂಗಿ ತೆಗೆದು, ಹಬ್ಬದ ಬಿಳಿ ಅಂಗಿ ತೊಡಿಸಿದಳು. ಹಣೆಗೆ, ಎದೆಗೆ, ತೋಳಿಗೆ ವಿಭೂತಿ ಬಳಿದಳು, ಕರ್ಪೂರ ಕಿವುಚಿ ಮೂಗಿನ ಹತ್ತಿರ ಹಿಡಿದಳು. ತೊಳೆಯದ ಮೈಯ ಮೇಲೆ ತೊಳೆದ ಅಂಗಿ. ಅಪ್ಪನ ವಾಸನೆ ಅದರ ಕೆಳಗೆ ಮುಚ್ಚಿಹೋಯಿತು. ನಾನು ಅವ್ವನ ಸೆರಗು ಬಿಡಲಿಲ್ಲವಾದ್ದರಿಂದ ನನ್ನನ್ನೂ ಹತ್ತಿಸಿಕೊಂಡರು.

ಸಿರುಗುಪ್ಪದಲ್ಲಿ ಒಂದು ಸಣ್ಣ ಖಾಸಗಿ ದವಾಖಾನೆ ಇತ್ತು, ಈಗ ಅದು ಇಲ್ಲ. ಡಾಕ್ಟರು ಹೊಸಬರು, ಮೈಸೂರು ಕಡೆಯವರು, ಆಗಷ್ಟೇ ಓದು ಮುಗಿಸಿ ಬಂದ ಚಿಕ್ಕ ವಯಸ್ಸಿನವರು. ಕಂಪೌಂಡರು ಆದೋನಿಯವರು, ತೆಲುಗು ಮನೆಮಾತು. ಬೆಂಚುಗಳ ಮೇಲೆ ಜನ. ನಮ್ಮ ಓಣಿಯ ಒಬ್ಬ ಹೆಂಗಸೂ ಮಗುವಿನ ಜ್ವರಕ್ಕೆ ಬಂದು ಕೂತಿದ್ದಳು. ಹುಸೇನ್‌ಸಾಬ ಅಪ್ಪನನ್ನು ಕಂಕುಳಿಗೆ ಕೈ ಕೊಟ್ಟು ಒಳಗೆ ತಂದ. ಅಪ್ಪ ತೂರಾಡುತ್ತಿದ್ದ.

“ಏನಾಯ್ತು ಇವರಿಗೆ?” ಎಂದರು ಡಾಕ್ಟರು.

“ಮುಂಜಾನಿಂದ ಎಣ್ಣಿ ಹೊಡದಾನ್ರಿ ಸಾಹೇಬ್ರ. ಹೊಟ್ಟ್ಯಾಗ ಏನಿಲ್ಲ.”

“ಬೆಳಿಗ್ಗೆಯಿಂದಾನಾ? ಖಾಲಿ ಹೊಟ್ಟೇಲಿ?”

“ಹೌದ್ರಿ. ಪೂರಾ ಡ್ರಮ್ಮು ಖಾಲಿ ಮಾಡ್ಯಾನ.”

ಡಾಕ್ಟರ ಮುಖದಲ್ಲಿ ನಗು ಬಂತು. ಅವರ ಕಡೆಯ ಹುಡುಗರ ಮಾತಿನಲ್ಲಿ ಎಣ್ಣೆ ಎಂದರೆ ಹೆಂಡ, ಎಣ್ಣೆ ಹೊಡೆಯುವುದೆಂದರೆ ಕುಡಿಯುವುದು. ನಮಗೆ ಅದು ಗೊತ್ತಿರಲಿಲ್ಲ. ಅವರಿಗೆ ನಮ್ಮದು ಗೊತ್ತಿರಲಿಲ್ಲ. ತಾನು ಹೇಳಿದ್ದು ಮುಟ್ಟಲಿಲ್ಲವೆಂದು ಹುಸೇನ್‌ಸಾಬನಿಗೆ ಅನ್ನಿಸಿತು. ಕಂಪೌಂಡರ ಕಡೆ ತಿರುಗಿ ತೆಲುಗಿನಲ್ಲಿ ಬಿಡಿಸಿ ಹೇಳಿದ.

“ಮಂದು ಸಾಮಿ, ಮಂದು. ಪೊದ್ದುನ್ನಿಂಚಿ ಮಂದು ಕೊಟ್ಟಿನಾಡು.”

ಮಂದು ಎಂದರೆ ತೆಲುಗಿನಲ್ಲಿ ರೋಗಿಗೆ ಕೊಡುವ ಔಷಧವೂ ಹೌದು, ಪೈರಿಗೆ ಹೊಡೆಯುವುದೂ ಹೌದು, ಅಂಗಡಿಯಲ್ಲಿ ಕುಡಿಯುವುದೂ ಹೌದು. ಕಂಪೌಂಡರು ಮೂರನೆಯದನ್ನೇ ಹಿಡಿದರು.

“ಎರಡು ಭಾಷೇಲೂ ಅದೇ ಹೇಳ್ತಾನೆ ಸರ್. ಬೆಳಗಿಂದ ಹಾಕ್ತಾ ಇದ್ದಾನಂತೆ.”

“ಆ ಬೆಂಚಿನ ಮೇಲೆ ಮಲಗಿಸಿ. ನಿದ್ದೆ ಮಾಡಿದ್ರೆ ಇಳಿಯುತ್ತೆ. ಎದ್ದ ಮೇಲೆ ಮಜ್ಜಿಗೆ ಕುಡಿಸಿ, ಚೆನ್ನಾಗಿ ಬೈದು ಮನೆಗೆ ಕರ್ಕೊಂಡ್ ಹೋಗಿ,” ಎಂದು ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ಮಜ್ಜಿಗೆ ಎಂದೊಡನೆ ಅಜ್ಜಿಗೆ ಸಮಾಧಾನವಾಯಿತು. ‘ನಾ ಹೇಳಿದ್ದಿಲ್ಲೇನು’ ಎನ್ನುವಂತೆ ಅವ್ವನ ಕಡೆ ನೋಡಿದಳು. ಅವ್ವ ಅವಳನ್ನು ನೋಡುತ್ತಿರಲಿಲ್ಲ, ಡಾಕ್ಟರ ಮುಖದಲ್ಲಿ ಇನ್ನೂ ಉಳಿದಿದ್ದ ನಗುವನ್ನು ನೋಡುತ್ತಿದ್ದಳು. ಇಳಿಯುತ್ತೆ ಎಂಬ ಮಾತನ್ನು ಒಳಗೇ ತಿರುವಿ ಹಾಕುತ್ತಿದ್ದಳೆಂದು ಆಮೇಲೆ ನನಗೆ ಹೇಳಿದಳು. ಬಡಿದ ಬಿಸಿಲಿಗೆ ಯಾರೂ ಇಳಿಯುತ್ತೆ ಎನ್ನುವುದಿಲ್ಲ, ಜ್ವರ ಇಳಿಯುತ್ತದೆ, ಇನ್ನೊಂದು ಇಳಿಯುವುದು ಅಮಲು. ಅದು ಹೊಳೆದೊಡನೆ ಅವ್ವ ಎದ್ದಳು. ಅಜ್ಜಿ ಸೆರಗು ಜಗ್ಗಿದಳು. ಓಣಿಯ ಹೆಂಗಸು ಮಗುವನ್ನು ಮಡಿಲಲ್ಲಿ ಸರಿಮಾಡಿಕೊಂಡು ಕಿವಿ ಇತ್ತ ಕೊಟ್ಟಳು. ಅವ್ವನಿಗೆ ಎಲ್ಲವೂ ಕಾಣುತ್ತಿತ್ತು.

“ಡಾಕ್ಟ್ರೇ, ಇವರು ಕುಡುಕರಲ್ರಿ. ಅದು ವಿಷ.”

ಅಜ್ಜಿ, “ಏ ನೀಲಾ,” ಎಂದಳು, ಅಷ್ಟೆ. ಡಾಕ್ಟರು ತಿರುಗಿದರು.

“ವಿಷ ಕುಡಿದ್ರಾ?”

“ಬಾಯಿಲೆ ಕುಡದಿಲ್ರಿ. ಕೈಲೆ ಕುಡದಾರ. ಮೈಲೆ ಕುಡದಾರ. ನೆಲ್ಲಿಗೆ ಹೊಡಿಯೋ ವಿಷದಾಗ ಮೊಳಕೈ ಮಟ ಕೈ ಹಾಕಿ ಕಲಸ್ಯಾರ.”

ಡಾಕ್ಟರು ಬೆಂಚಿನ ಬಳಿ ಒಂದೇ ಹೆಜ್ಜೆಯಲ್ಲಿ ಬಂದಂತೆ ನನಗೆ ನೆನಪು. ರೆಪ್ಪೆ ಎತ್ತಿ ಬ್ಯಾಟರಿ ಹಿಡಿದರು. ಅಪ್ಪನ ಕಣ್ಣಿನ ಕರಿಪಾಪೆ ಸಾಸಿವೆಗಿಂತ ಸಣ್ಣದಾಗಿತ್ತು. ಬಿಳಿ ಅಂಗಿಯ ಗುಂಡಿ ಹರಿದೊಡನೆ ಕರ್ಪೂರದ ಕೆಳಗಿಂದ ಆ ಘಾಟು ಎದ್ದು ಕೋಣೆ ತುಂಬಿತು. ಆಮೇಲೆ ಅವರು ನಗಲೂ ಇಲ್ಲ, ಕೂರಲೂ ಇಲ್ಲ. ಸೂಜಿಯ ಮೇಲೆ ಸೂಜಿ ಚುಚ್ಚಿದರು. ಅವ್ವನೂ ಹುಸೇನ್‌ಸಾಬನೂ ಸೇರಿ ಸೋಪು ಹಚ್ಚಿ ಅಪ್ಪನ ಮೈ ತೊಳೆದರು, ತಲೆಗೂದಲನ್ನೂ ಉಗುರಿನ ಸಂದಿಯನ್ನೂ ಬಿಡದೆ. ಹೊತ್ತು ಮುಳುಗುವ ಮೊದಲು ಜೀಪಿನಲ್ಲಿ ಬಳ್ಳಾರಿಗೆ ಕಳಿಸಿದರು. ಕಳಿಸುವಾಗ ಡಾಕ್ಟರು ಅವ್ವನಿಗೆ, “ಅಮ್ಮ, ಮೊದಲೇ ಹೀಗೆ ಹೇಳಬಾರದಿತ್ತಾ?” ಎಂದು ಕೇಳಿದರು. ಗದರಿಸಿದ್ದಲ್ಲ, ನಿಜವಾಗಿ ಕೇಳಿದ್ದು. ಆ ಡಾಕ್ಟರನ್ನು ನಮ್ಮ ಮನೆಯಲ್ಲಿ ಯಾರೂ ದೂರಲಿಲ್ಲ. ನಾವು ಆಡಿದ ಮಾತನ್ನೇ ಅವರು ನಂಬಿದ್ದರು.

ಅಪ್ಪ ಬದುಕಿದ. ಬಳ್ಳಾರಿಯಿಂದ ಮನೆಗೆ ಬಂದಾಗ ಗೋಡೆ ಹಿಡಿದು ನಡೆಯುತ್ತಿದ್ದ. ಎಡಗೈಯ ಬೆರಳುಗಳಲ್ಲಿ ಸೇರಿಕೊಂಡ ಜೋಮು ಕೊನೆಯವರೆಗೂ ಬಿಡಲಿಲ್ಲ, ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದ. ಆದರೆ ಅವನಿಗಿಂತ ಮೊದಲೇ ಊರಿಗೆ ಸುದ್ದಿ ಬಂದಿತ್ತು. ಬಸಣ್ಣ ವಿಷ ತಗೊಂಡಿದ್ನಂತ, ಕುರುಗೋಡಾಕಿ ಕಾಟ ತಾಳಲಾರದೆ. ಒಬ್ಬ ಪೊಲೀಸಿನವನು ವಿಚಾರಿಸಲು ಬಂದು ಪಡಸಾಲೆಯಲ್ಲಿ ಚಹಾ ಕುಡಿದು ಹೋದ. ಅಜ್ಜಿ ಇಡೀ ಜೀವಮಾನ ಹೆದರಿದ್ದು ಆ ದಿನಕ್ಕೇ. ಕುರುಗೋಡಿನ ಮಾಸ್ತರ ಅಜ್ಜ ಬಸ್ಸು ಹಿಡಿದು ಬಂದು, ಮಗಳನ್ನು ಹಿತ್ತಲಿಗೆ ಕರೆದು, ನಿಜ ಹೇಳು ಎಂದು ಕೇಳಿದ. ಅಜ್ಜಿ ಅವ್ವನ ಜೊತೆ ಮಾತು ಬಿಟ್ಟಳು. ಬೇಕಾದದ್ದನ್ನು ನನ್ನ ಮುಖಾಂತರ ಕೇಳುತ್ತಿದ್ದಳು, ಅವ್ವ ಎದುರಿಗೇ ನಿಂತಿದ್ದರೂ. ನೀರಿನ ಹತ್ತಿರ ಹೆಂಗಸರು ಕೊಡ ತುಂಬಿದ ಮೇಲೂ ಹೋಗದೆ ನಿಲ್ಲುತ್ತಿದ್ದರು.

“ಏನ್ ನೀಲಮ್ಮ, ಗಂಡಗ ಸಾರಿನಾಗ ಏನ್ ಹಾಕಿದ್ದಿ?”

“ನಾ ಹಾಕಿದ್ದಲ್ಲ ಯಕ್ಕಾ. ನಿಮ್ಮ ಮನಿ ಗೂಡಿನಾಗೂ ಐತಿ, ಹೋಗಿ ನೋಡು.”

ಬೇರೆ ಯಾರಾದರೂ ಆಗಿದ್ದರೆ ಆ ಮಾತನ್ನು ಅಲ್ಲಿಗೇ ಹೂಳಿ, ಊರು ಮರೆಯಲಿ ಎಂದು ಕಾಯುತ್ತಿದ್ದರು. ಅವ್ವ ಆ ಮಾತನ್ನೇ ಮನೆಯ ನಡುವೆ ತಂದು ನಿಲ್ಲಿಸಿದಳು. ಹೇಗೂ ಕೆಟ್ಟ ಹೆಸರು ಬಂದಾಗಿದೆ, ಇನ್ನು ಅದರಿಂದ ಕೆಲಸವಾದರೂ ಆಗಲಿ ಎಂಬುದು ಅವಳ ಲೆಕ್ಕ. ಮೊದಲು ಗೂಡು ಖಾಲಿಯಾಯಿತು, ಸುಣ್ಣ ಬಿತ್ತು. ಹುಸೇನ್‌ಸಾಬ ಹಿತ್ತಲಿನ ಕೊನೆಯ ಗೋಡೆಗೆ ಒಂದು ಮರದ ಪೆಟ್ಟಿಗೆ ಬಡಿದು ಕೊಟ್ಟ, ಅದಕ್ಕೆ ಬೀಗ. ಪಂಪು, ಕಲಸುವ ಉದ್ದನೆಯ ಕೋಲು, ಹಳೆಯ ಅಂಗಿ, ಹಳೆಯ ಲುಂಗಿ ಅಲ್ಲೇ. ಎಣ್ಣಿ ಹೊಡೆದ ದಿನ ಅಪ್ಪ ಮುಂಬಾಗಿಲಿನಿಂದ ಬರುವಂತಿಲ್ಲ. ಹಿತ್ತಲಿನಿಂದ ಬಂದು, ಅಲ್ಲೇ ಬಟ್ಟೆ ಬಿಟ್ಟು, ಅಲ್ಲೇ ಮೈ ತೊಳೆದು, ಆಮೇಲೆ ಒಳಗೆ. ಗದ್ದೆಗೆ ರೊಟ್ಟಿ ಕಟ್ಟುವುದು ನಿಂತಿತು. ನಸುಕಿನಲ್ಲಿ ಉಂಡು ಹೋಗಬೇಕು, ಬಂದು ತೊಳೆದು ಉಣ್ಣಬೇಕು. ಆಮೇಲೆ ಅಡುಗೆಮನೆಯ ಡಬ್ಬಿಗಳ ಸರದಿ. ಅವ್ವ ಒಂದೊಂದನ್ನೇ ಅಂಗಳಕ್ಕೆ ತಂದು ಹಾರೆಯ ಮೊನೆಯಿಂದ ತಳಕ್ಕೆ ತೂತು ಹೊಡೆದಳು, ಯಾರೂ ಮತ್ತೆ ಬಳಸದಂತೆ. ಅಜ್ಜಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಬೆಲ್ಲದ ಡಬ್ಬಿ ಬಂದಾಗ ಅವ್ವ ಅದನ್ನು ಅಂಗಳದ ಇರುವೆಯ ಸಾಲಿನ ಹತ್ತಿರ ಬೋರಲು ಹಾಕಿದಳು. ಬೆಲ್ಲ ಉರುಳಿತು. ಇರುವೆಗಳ ಸಾಲು ಹತ್ತಿರ ಬಂದು, ಬಾಗಿ, ಸುತ್ತುಹಾಕಿಕೊಂಡು ಹೋಯಿತು.

“ಇರುವಿ ಯಾಕ ಬರ್ತಿದ್ದಿಲ್ಲ, ಗೊತ್ತಾತೇನ್ರಿ ಅತ್ತಿ?”

ಅಜ್ಜಿ ಎದ್ದು ಒಳಗೆ ಹೋಗಿ, ತನ್ನ ವಿಭೂತಿ ಉಂಡೆ ಇಟ್ಟುಕೊಂಡಿದ್ದ ಸಣ್ಣ ಡಬ್ಬಿಯನ್ನು ತಂದು ಹ್ಞೂಂ ಎಂದು ಹಾರೆಯ ಪಕ್ಕದಲ್ಲಿಟ್ಟಳು. ಅದೂ ಅಂಥದೇ ಎಂದು ಅವ್ವನಿಗೆ ಗೊತ್ತಿರಲಿಲ್ಲ. ಅಂದಿನಿಂದ ಅಜ್ಜಿ ಅವ್ವನ ಜೊತೆ ಮತ್ತೆ ಮಾತಾಡತೊಡಗಿದಳು.

ನನ್ನ ಪಾಲಿಗೆ ಒಂದು ಕೆಲಸ ಬಂತು. ಅಪ್ಪ ತೊಳೆದುಕೊಂಡ ಮೇಲೆ ಅವನ ಕೈ ಮೂಸಿ ನೋಡುವುದು. ವಾಸನೆ ಇದ್ದರೆ ಮತ್ತೆ ತೊಳೆ ಎನ್ನಬೇಕು. ನಾನು ಹುಡುಕಿಕೊಂಡು ಹೋಗಿ ಮೂಸುತ್ತಿದ್ದ ವಾಸನೆಯನ್ನೇ ಈಗ ಹಿಂದಕ್ಕೆ ಕಳಿಸಬೇಕು. ಮೊದಮೊದಲು ಕಷ್ಟವಾಯಿತು, ಅದು ಹೋದರೆ ಅಪ್ಪನೇ ಅಷ್ಟು ಹೋದಂತೆ. ಅವ್ವ ಅಂಥದಕ್ಕೆಲ್ಲ ಬಗ್ಗುವವಳಲ್ಲ. ‘ಅಪ್ಪ ಬೇಕೋ, ವಾಸನಿ ಬೇಕೋ?’ ಎಂದಳು. ನಾನು ತಂಬಿಗೆ ಹಿಡಿದು ಹಿತ್ತಲ ಬಾಗಿಲಿನಲ್ಲಿ ನಿಂತೆ.

ಉಳಿದದ್ದು ಹೆಸರು. ಈ ಮನ್ಯಾಗ ಇನ್ನ ಅದಕ್ಕ ಎಣ್ಣಿ ಅನ್ನಂಗಿಲ್ಲ ಎಂದು ಅವ್ವ ಹೇಳಿಬಿಟ್ಟಳು. ನನಗೂ ತಮ್ಮನಿಗೂ ಬಾಯಿ ತುಂಬ ವಿಷ ಎನ್ನಲು ಅಪ್ಪಣೆ ಸಿಕ್ಕಿದ್ದೇ ಸಂಭ್ರಮ. ತೊಂದರೆ ಅಪ್ಪನದು. ಮೈ ಸುಧಾರಿಸಿ ಮೊದಲ ಸಲ ಪಂಪು ಎತ್ತಿದ ದಿನ ಅವ್ವ ಪೆಟ್ಟಿಗೆಯ ಬೀಗದ ಕೈ ಹಿಡಿದುಕೊಂಡು ನಿಂತಳು.

“ಎಲ್ಲಿಗ್ರಿ?”

“ಹೊಲಕ್ಕ.”

“ಏನ್ ಮಾಡಾಕ?”

“ಅದಽ, ಔಷಧ ಹೊಡ್ಯಾಕ.”

“ಯಾರಿಗೆ ಜ್ವರ ಬಂದೈತ್ರಿ?”

“ಮಂದು ಅಂದ್ರ?”

“ಹಂಗಂದಿದ್ದಕ್ಕಽ ನಿಮ್ಮನ್ನ ಬೆಂಚಿನ ಮ್ಯಾಲೆ ಮಲಗಿಸಿದ್ರು.”

ಅಪ್ಪ ನಕ್ಕುಬಿಟ್ಟ. ಅತ್ತಿತ್ತ ನೋಡಿ, ಕೆಳದನಿಯಲ್ಲಿ, “ವಿಷ ಹೊಡ್ಯಾಕ ಹೊಂಟೀನಿ,” ಎಂದ. ಗೋಡೆಯ ಆಚೆಯಿಂದ ಹುಸೇನ್‌ಸಾಬನ ದನಿ ಬಂತು.

“ಜೋರಾಗಿ ಹೇಳು ಬಸಣ್ಣ. ನಮ್ಮ ಮನ್ಯಾಗೂ ಕೇಳ್ಲಿ.”

ಅಜ್ಜಿ ಮಾತ್ರ ಆ ಮಾತಿಗೆ ಬಾಯಿ ಬಿಡಲಿಲ್ಲ. ಎಣ್ಣಿ ಎನ್ನುವುದನ್ನು ನಿಲ್ಲಿಸಿದಳು, ಅದು ಎಂದು ಶುರು ಮಾಡಿದಳು. ಅದನ್ನ ಒಳಗ ಇಟ್ಟೀಯೇನು, ಅದರ ಬೀಗ ಹಾಕೀಯೇನು. ಸಂಜೆ ದೀಪ ಹಚ್ಚಿ ಅವಳು ಶಿವನ ಹೆಸರುಗಳನ್ನು ಒಂದರ ಹಿಂದೆ ಒಂದು ಹೇಳುತ್ತಿದ್ದಳು. ಅವುಗಳ ನಡುವೆ ನೀಲಕಂಠ, ವಿಷಕಂಠ ಬರುತ್ತಿದ್ದವು. ಒಂದು ದಿನ ಅವ್ವ ಹಿಟ್ಟಿನ ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದವಳು ನಿಂತಳು.

“ದಿನಾ ಸಂಜಿಕ ನೀವಽ ಅಂತೀರಲ್ರಿ ಅತ್ತಿ, ವಿಷಕಂಠ ಅಂತ.”

“ಅದು ದೇವರ ಹೆಸರು. ಆತ ಕುಡದು ದಕ್ಕಿಸಿಕೊಂಡ.”

“ಹೌದ್ರಿ. ಆತ ದಕ್ಕಿಸಿಕೊಂಡ.”

ಅಷ್ಟೇ ಹೇಳಿ ಅವ್ವ ಹಿಟ್ಟು ನಾದಲು ಹೋದಳು. ಅಜ್ಜಿ ಹೆಸರುಗಳ ಸಾಲಿನಲ್ಲಿ ಎಲ್ಲಿ ನಿಂತಿದ್ದೆನೆಂದು ಮರೆತು, ಮೊದಲಿನಿಂದ ಶುರು ಮಾಡಿದಳು.

ನಾನು ಮುಂದೆ ಬಳ್ಳಾರಿಯಲ್ಲಿ ನರ್ಸಿಂಗ್ ಓದಿ, ಅಲ್ಲೇ ಕೆಲಸಕ್ಕೆ ಸೇರಿ, ಅಲ್ಲೇ ಮುದುಕಿಯಾದೆ. ಸುಗ್ಗಿಯ ಮುಂಚಿನ ದಿನಗಳಲ್ಲಿ ಗಾಡಿಯಲ್ಲಿ ಹೊತ್ತು ತಂದ ಗಂಡಸರನ್ನು, ಕಳೆ ಕೀಳಲು ಹೋದ ಹೆಂಗಸರನ್ನು ಬಾಗಿಲಿನಲ್ಲೇ ಮೂಸಿ ಗುರುತಿಸುತ್ತಿದ್ದೆ. ‘ಯಾವ ಎಣ್ಣಿ? ಡಬ್ಬಿ ತಂದೀರೇನು?’ ಎಂಬುದು ನನ್ನ ಮೊದಲ ಮಾತು. ಬೇರೆ ಕಡೆಯಿಂದ ಹೊಸದಾಗಿ ಬಂದ ಡಾಕ್ಟರುಗಳಿಗೆ ಚಹಾ ಕುಡಿಯುವಾಗ ಹೇಳಿಬಿಡುತ್ತಿದ್ದೆ, ಇಲ್ಲಿ ಎಣ್ಣಿ ಎಂದರೆ ಎಣ್ಣೆಯಲ್ಲ ಎಂದು. ಈಗ ಪಾರ್ವತಿನಗರದ ಮನೆಯಲ್ಲಿ ನನ್ನ ಅಡುಗೆಮನೆಯ ಪ್ರತಿ ಡಬ್ಬಿಯ ಮೇಲೂ ಹೆಸರಿದೆ, ಹೆಸರು ಹೊರಮುಖವಾಗಿ ನಿಂತಿರುತ್ತದೆ. ಫಿನೈಲು ಬಚ್ಚಲಿನಾಚೆಗೆ, ಬೀಗದೊಳಗೆ. ಬಂದವರು ನಗುತ್ತಾರೆ, ನಗಲಿ. ಮೊನ್ನೆ ಹಚ್ಚೊಳ್ಳಿಯಿಂದ ತಮ್ಮನ ಮಗ ಫೋನು ಮಾಡಿ, “ಎಣ್ಣಿ ಹೊಡಿಯೋ ಡ್ರೋನು ಬಂದೈತತ್ತಿ, ಇನ್ನ ಗದ್ದಿಗೆ ಇಳಿಯೋದಽ ಬ್ಯಾಡ,” ಎಂದ. ಏನು ಹೊಡೆಯುವುದು ಎಂದು ಕೇಳಿದೆ. ಅವನು ನಕ್ಕು, ಸರಿಯಾದ ಹೆಸರು ಹೇಳಿದ. ಡ್ರೋನಿಗೆ ತುಂಬುವವರು ಯಾರು, ತುಂಬುವಾಗ ಕೈಗೆ ಏನು ಹಾಕಿಕೊಳ್ಳುತ್ತಾರೆ, ಗಾಳಿ ಯಾರ ಮನೆಯ ಕಡೆ ಬೀಸುತ್ತದೆ ಎಂದು ಕೇಳಿದ ಮೇಲೆಯೇ ಫೋನು ಇಟ್ಟೆ.

ಆ ವರ್ಷ ಅಪ್ಪ ಉಳಿಯಲೆಂದು ಅಜ್ಜಿ ಹಲಕುಂದಿ ಮಠಕ್ಕೆ ಹರಕೆ ಹೊತ್ತಿದ್ದಳು. ಮುಂದಿನ ಬೆಳೆಯ ಹೊತ್ತಿಗೆ ಹೋಗಿ ತೀರಿಸಿ ಬಂದಳು. ತಂದ ವಿಭೂತಿಯನ್ನು ಗೂಡಿನಲ್ಲಿ ಐದನೆಯ ಡಬ್ಬಿ ಇರುತ್ತಿದ್ದ ಜಾಗದಲ್ಲಿ, ಬಾಳೆ ಎಲೆಯ ತುಂಡಿನ ಮೇಲೆ ಇಟ್ಟಳು. ಅದೇ ಸಂಜೆ ಅಪ್ಪ ಪಂಪು ಇಳಿಸಿ, ಹಿತ್ತಲಿನಲ್ಲಿ ಮೈ ತೊಳೆದು ಬಾಗಿಲಿಗೆ ಬಂದ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಕೈ ಹಿಡಿಯುವುದರೊಳಗೆ ಅಜ್ಜಿ ಮುಂದೆ ಬಂದು, ಅಪ್ಪನ ಜೋಮು ಹಿಡಿದ ಎಡಗೈಯನ್ನು ಎರಡೂ ಕೈಯಲ್ಲಿ ಎತ್ತಿ ತನ್ನ ಮೂಗಿಗೆ ಹಿಡಿದಳು. ಬೆರಳು ಬೆರಳನ್ನೂ ಬಿಡಿಸಿ ಮೂಸಿದಳು.

“ಇನ್ನೂ ಐತಿ.”

“ಏನೈತಬೇ ಯವ್ವಾ?” ಎಂದ ಅಪ್ಪ. ಅವನ ಮುಖದಲ್ಲಿ ತುಂಟತನವಿತ್ತು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಜ್ಜಿ ಗೂಡಿನ ಕಡೆ ಒಮ್ಮೆ ನೋಡಿದಳು. ಕೈ ಬಿಡಲಿಲ್ಲ.

“ಶಿವ ಗಂಟಲದಾಗ ತಡದ. ನೀ ಉಗುರಿನಾಗ ಇಟಗೊಂಡು ಮಕ್ಕಳ ಹತ್ರ ಬರ್ತೀಯೇನ್ಲೇ? ತೊಳಕೋ ಹೋಗು, ಆ ವಿಷ.”

ಅಪ್ಪ ತಿರುಗಿ ಹಿತ್ತಲಿಗೆ ಇಳಿದ. ಒಳಗೆ ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ನಾನು ತಂಬಿಗೆ ಎತ್ತಿ ನೀರು ಹೊಯ್ದೆ.